ಹಲ್ಲಿನ ಸೆಟ್ಟು ಬಂದ ವರ್ಷ

ಆಗ ನನಗೆ ಅರವತ್ನಾಲ್ಕು. ಅದಾಗಿ ಈಗ ನಾಲ್ಕು ವರ್ಷ. ಇದು ಆಧಾರ್ ಕಾರ್ಡಿನ ವಯಸ್ಸು. ನಿಜವಾದದ್ದು ನಮ್ಮವ್ವನಿಗೆ ಗೊತ್ತಿತ್ತು, ಅವಳು ಹೇಳದೆ ಹೋದಳು.

ಮೊನ್ನೆ ದವಡೆ ಹಲ್ಲು ಕೀಳಿಸಲು ಮಧುಗಿರಿಗೆ ಹೋಗಿದ್ದೆ. ಡಾಕ್ಟರ ಕೋಣೆಯ ಬಾಗಿಲು ತಳ್ಳಿದ ಕೂಡಲೇ ಲವಂಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಲ್ಲುನೋವು ಮರೆತೇ ಹೋಯಿತು, ಸಿಟ್ಟು ಮಾತ್ರ ಎದ್ದು ಕೂತಿತು. ನನ್ನ ತಂಗಿ ನರಸಕ್ಕ ತನ್ನ ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟಿದ್ದು ಅದೇ ಕೋಣೆಯಲ್ಲಿ. ಡಾಕ್ಟರದೇನೂ ತಪ್ಪಿಲ್ಲ. ಸೆಟ್ಟನ್ನು ಅವನು ಚೆನ್ನಾಗಿಯೇ ಕಟ್ಟಿಕೊಟ್ಟಿದ್ದ. ಆ ಹಲ್ಲು ಈಗಲೂ ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬದಲ್ಲಿದೆ.

ನಾನೂ ನರಸಕ್ಕನೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡವರು. ಹುಟ್ಟಿದ ಮನೆಯಲ್ಲಿ ಅಕ್ಕತಂಗಿ, ಸೇರಿದ ಮನೆಯಲ್ಲಿ ಓರಗಿತ್ತಿಯರು. ಗಂಡಂದಿರು ಒಬ್ಬನ ಹಿಂದೆ ಒಬ್ಬ ಹೋದರು. ನನಗೆ ಮಕ್ಕಳಾಗಲಿಲ್ಲ. ಅವಳಿಗೆ ಒಬ್ಬಳೇ ಮಗಳು ಗೀತಾ, ಕೊರಟಗೆರೆಗೆ ಕೊಟ್ಟಿದ್ದೇವೆ. ಉಳಿದ ನಾವಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ದಿನಕ್ಕೊಂದು ಜಗಳ ಆಡಿಕೊಂಡು ಇದ್ದೆವು.

ನಮ್ಮೂರು ತಿರುಮಣಿಯ ಪಕ್ಕ. ಹೊಲವನ್ನು ಸೋಲಾರಿಗೆ ಗುತ್ತಿಗೆ ಕೊಟ್ಟಿದ್ದೇವೆ. ಕಡಲೆಕಾಯಿ ಬಿತ್ತುತ್ತಿದ್ದ ಕಡೆ ಈಗ ಗಾಜಿನ ಹಲಗೆಗಳು ಸಾಲಾಗಿ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿವೆ. ಅದಕ್ಕೆ ನಾನು ಅಳುವವಳಲ್ಲ. ಬಿತ್ತುತ್ತಿದ್ದಾಗಲೂ ಆ ಹೊಲ ನಮ್ಮನ್ನು ಅಷ್ಟಾಗಿ ಸಾಕಿರಲಿಲ್ಲ. ವರ್ಷಕ್ಕೊಂದು ಸಲ, ದೀಪಾವಳಿಯ ಹತ್ತಿರ, ಗುತ್ತಿಗೆಯ ದುಡ್ಡು ಪಾವಗಡದ ಬ್ಯಾಂಕಿಗೆ ಬೀಳುತ್ತದೆ. ಅದೇ ನಮ್ಮ ಸುಗ್ಗಿ. ಇಬ್ಬರ ರಾಗಿ, ಎಣ್ಣೆ, ಬಿಪಿ ಮಾತ್ರೆ, ಗೀತಾಳ ಹಬ್ಬದ ಸೀರೆ ಎಲ್ಲವೂ ಅದರಲ್ಲೇ ಆಗಬೇಕು. ಖಾತೆ ನನ್ನ ಹೆಸರಿನಲ್ಲಿದೆ, ನನ್ನ ವಿಧವಾ ಪಿಂಚಣಿಯೂ ಅದಕ್ಕೇ ಬರುತ್ತದೆ. ಖಾತೆ ತೆಗೆಯುವಾಗ ಫೋನ್ ನಂಬರು ಕೇಳಿದರು. ನನ್ನ ಹತ್ತಿರ ಫೋನಿಲ್ಲ, ನರಸಕ್ಕನ ನಂಬರು ಕೊಟ್ಟೆವು. ದುಡ್ಡು ತೆಗೆಯುವ ಕಾರ್ಡೂ ಅವಳ ಎಲೆಅಡಿಕೆ ಸಂಚಿಯಲ್ಲೇ ಇರುತ್ತಿತ್ತು, ಯಾಕೆಂದರೆ ಮಿಷನ್ನಿನ ಗುಂಡಿ ಒತ್ತುವುದು ಅವಳಿಗೆ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳದ್ದು ಹೀಗೇ ನಡೆದಿದೆ.

ಆ ವರ್ಷ ಮಳೆ ಬಿತ್ತನೆಗೆ ಬರದೆ, ಕಡಲೆಕಾಯಿ ಗಿಡ ಕೀಳುವ ಹೊತ್ತಿಗೆ ಬಂತು. ಕಿತ್ತು ಹಾಕಿದ ಗಿಡವೆಲ್ಲ ನೆನೆದು ಕಾಯಿ ಮೊಳಕೆಯೊಡೆಯುವ ಹಾಗಾಯಿತು. ಅದಕ್ಕೇ ರೈತರು ಅವಸರ ಮಾಡಿ ಕಾಯಿ ಬಿಡಿಸಲು ಸಿಕ್ಕಿದವರನ್ನೆಲ್ಲ ಕರೆದರು. ನಾವೂ ಹೋದೆವು. ಒದ್ದೆ ಗಿಡದ ರಾಶಿಯ ಸುತ್ತ ಕೂತು ಕಾಯಿ ತರಿಯುವುದು, ಡಬ್ಬ ತುಂಬಿದರೆ ಕೂಲಿ. ಕಾಯಿ ಬಿಡಿಸುವವರು ನಡುನಡುವೆ ಒಂದೊಂದು ಬಾಯಿಗೆ ಹಾಕಿಕೊಳ್ಳುವುದು ವಾಡಿಕೆ, ಯಾವ ರೈತನೂ ಬೇಡ ಅನ್ನುವುದಿಲ್ಲ. ನರಸಕ್ಕನಿಗೆ ಮಾತ್ರ ಅದು ಆಗುತ್ತಿರಲಿಲ್ಲ. ಹಲ್ಲೆಲ್ಲ ಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ನಾನು ಒರಳಲ್ಲಿ ಬೆಲ್ಲ ಹಾಕಿ ಕುಟ್ಟಿ ಕೊಟ್ಟರೆ ತಿನ್ನುತ್ತಿದ್ದಳು. ಹೊಲದಲ್ಲಿ ಸುತ್ತ ಇದ್ದವರು ಕಟಕಟ ಅಗಿಯುವುದನ್ನು ನೋಡುತ್ತಾ ಕೂರುತ್ತಿದ್ದಳು.

ಮಗಳನ್ನು ನೋಡಿಕೊಂಡು ಬರುತ್ತೇನೆ ಎಂದು ಎರಡು ಮೂರು ಸಲ ಹೋದಳು. ಕೊನೆಯ ಸಲ ಬಂದಾಗ ಬಾಯಿ ತುಂಬ ಹಲ್ಲು.

"ಎಲ್ಲಿಂದ ಬಂತೇ ಇದು?" ಅಂದೆ.

"ಮಧುಗಿರೀಲಿ ಕಟ್ಟಿಸ್ದೆ ಕಣಕ್ಕ. ಗೀತಾ ದುಡ್ಡು ಕೊಟ್ಲು."

"ಗೀತಾ ಎಲ್ಲಿಂದ ಕೊಡ್ತಾಳೆ? ಅವ್ಳ ಅತ್ತೆ ಉಪ್ಪಿಗೂ ಲೆಕ್ಕ ಕೇಳ್ತಾಳೆ."

"ಕೊಟ್ಲು ಅಂದ್ನಲ್ಲ."

"ಸುಡುಗಾಡಿಗೆ ಹೋಗೋ ವಯಸ್ಸಲ್ಲಿ ಹಲ್ಲ್ಯಾಕೇ ನಿಂಗೆ? ಯಮನ್ನ ಕಚ್ತೀಯಾ?"

"ಕಚ್ತೀನಿ. ಮೊದ್ಲು ಕಡ್ಲೆಕಾಯಿ, ಆಮೇಲೆ ಯಮ."

ಮಾರನೆಯ ದಿನ ಹೊಲದಲ್ಲಿ ಅವಳದೇ ಮೆರವಣಿಗೆ. ಕಾಯಿ ಬಿಡಿಸುವ ಗುಂಪಿನ ರತ್ನಮ್ಮ, ಗಂಡನ ಮೇಲೆ ಜೀವನಾಂಶದ ಕೇಸು ಹಾಕಿರುವ ಗಟ್ಟಿ ಹೆಂಗಸು, "ಏಯ್ ನರಸಕ್ಕ, ನಗು, ಫೋಟೊ ತೆಗೀತೀನಿ" ಅಂದಳು. ನರಸಕ್ಕ ತನ್ನ ಫೋನು ಕೊಟ್ಟು, ಹಸಿ ಕಡಲೆಕಾಯಿ ಕೈಯಲ್ಲಿ ಹಿಡಿದು, ಹಿಂದಿನ ಹಲ್ಲೂ ಕಾಣುವ ಹಾಗೆ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ಅದೇ ತಿಂಗಳು ಪಿಂಚಣಿ ಕೇಳಲು ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ, "ಅಜ್ಜಿ, ಖಾತೇಲಿ ಏನೂ ಇಲ್ಲ" ಅಂದಳು.

"ಪಿಂಚಣಿ ಬಂದಿಲ್ವೇನಮ್ಮ?"

"ಬಂದಿದೆ. ಬಂದ ದಿನವೇ ಕಟ್ ಆಗಿದೆ. ಹೋದ ತಿಂಗಳೂ ಅಷ್ಟೆ. ಸಾಲದ ಕಂಪನಿಯವರು ತಗೊಂಡಿದ್ದಾರೆ."

"ನಾನ್ಯಾವ ಸಾಲಾನೂ ತಗೊಂಡಿಲ್ಲ."

"ಒಪ್ಪಿಗೆ ಇದೆ ಅಜ್ಜಿ. ನಿಮ್ಮ ಕಾರ್ಡಿನದೇ. ಪ್ರತಿ ತಿಂಗಳೂ ತಾನಾಗೇ ಹೋಗುತ್ತೆ."

ಮನೆಗೆ ಬಂದು ನರಸಕ್ಕನ ಮುಂದೆ ನಿಂತೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅದರಲ್ಲೇ ನನಗೆ ಗೊತ್ತಾಯಿತು. ಫೋನಿನ ಜಾಹೀರಾತಿನಲ್ಲಿ ಒಬ್ಬಳು ಹುಡುಗಿ ನಗುತ್ತಾ ಸಾಲ ಬೇಕಾ ಎಂದು ಕೇಳುತ್ತಿದ್ದಳಂತೆ. ಜಾಮೀನು ಬೇಡ, ಓಡಾಟ ಬೇಡ. ಇವಳು ಹಸಿರು ಗುಂಡಿ ಒತ್ತಿದಳು. ಕಾರ್ಡಿನ ನಂಬರು ಕೇಳಿದರು, ಕೊಟ್ಟಳು. ಫೋನಿಗೆ ಬಂದ ಅಂಕಿ ಕೇಳಿದರು, ಅದನ್ನೂ ಕೊಟ್ಟಳು. ಎಲೆಅಡಿಕೆ ಹಾಕಿ ಉಗಿಯುವಷ್ಟರಲ್ಲಿ ದುಡ್ಡು ಬಂತು. ಅದನ್ನೇ ಡಾಕ್ಟರಿಗೆ ಕೊಟ್ಟಳು.

"ತೀರ್ಸಿದ್ದೀನಿ ಕಣಕ್ಕ, ದೇವರಾಣೆ. ಕಾಯಿ ಬಿಡ್ಸಿದ ಕೂಲೀಲೇ ತೀರ್ಸಿದೆ. ತೀರ್ತು ಅಂತ ಫೋನಿಗೆ ಮೆಸೇಜೂ ಬಂತು."

"ಮತ್ತೆ ಇನ್ನೂ ಯಾಕ್ ತಗೊಂತಾವ್ರೆ?"

"ನಂಗೇನ್ ಗೊತ್ತು? ಕಾರ್ಡು ನನ್ ಸಂಚೀಲೇ ಐತೆ. ಅವ್ರ ಕೈಗೆ ಕೊಟ್ಟೇ ಇಲ್ವಲ್ಲ!"

ಬೈಯುವ ಬಾಯಿ ನನ್ನದು ದೊಡ್ಡದು, ಬೈದೆ. ಆದರೆ ಅವಳು ಹೇಳಿದ ಮಾತು ನನಗೂ ಸರಿ ಅನ್ನಿಸಿತು. ನಾವು ಕಂಡ ಸಾಲ ಪಾವಗಡದ ಗಿರವಿ ಅಂಗಡಿಯದು. ಓಲೆಯನ್ನೋ ಹಿತ್ತಾಳೆ ಬಿಂದಿಗೆಯನ್ನೋ ಸೇಟುವಿನ ಕೈಗೆ ಕೊಟ್ಟರೆ ಸಾಲ ಶುರು, ಅದು ವಾಪಸ್ ನಮ್ಮ ಕೈಗೆ ಬಂದರೆ ಸಾಲ ಮುಗಿಯಿತು. ಬಿಡಿಸಿಕೊಂಡ ಒಡವೆಯನ್ನು ಕಣ್ಣಿಗೊತ್ತಿಕೊಂಡು ಅಂಗಡಿಯ ಮೆಟ್ಟಿಲು ಇಳಿದುಬಿಟ್ಟರೆ ಅವನು ಯಾರೋ ನಾವು ಯಾರೋ. ಕಾರ್ಡು ಅವರ ಕೈಗೆ ಹೋಗಿಲ್ಲ, ನಮ್ಮ ಮನೆಯಲ್ಲಿದೆ, ಹೆಂಗೆ ತಗೊಳ್ಳುತ್ತಾರೆ? ಸಂಚಿಯಲ್ಲಿದ್ದಾಗ ಯಾರೋ ನೋಡಿಕೊಂಡಿರಬೇಕು ಅಂದುಕೊಂಡೆವು. ಕಾರ್ಡನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಹಿತ್ತಾಳೆ ಬಿಂದಿಗೆಯೊಳಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲಿಟ್ಟೆವು. ಆಮೇಲಿನ ತಿಂಗಳ ಪಿಂಚಣಿಯೂ ಹೋಯಿತು. ಬಿಂದಿಗೆ ಇಳಿಸಿ ನೋಡಿದರೆ ಕಾರ್ಡು ಹಾಗೇ ಮಲಗಿತ್ತು. ನಾನು ಅದನ್ನು ಹುಣಸೆಹಣ್ಣು ಕೊಚ್ಚುವ ಮಚ್ಚಿನಲ್ಲಿ ನಾಲ್ಕು ತುಂಡು ಮಾಡಿದೆ. "ಈಗ ತಗೊಳ್ಳಲಿ" ಅಂದೆ. ಆಮೇಲೂ ಅವರು ಖಾತೆಗೆ ಕೈ ಹಾಕಿದರು. ಖಾತೆಯಲ್ಲಿ ಆಗ ಏನೂ ಇರಲಿಲ್ಲ, ಇಲ್ಲದ್ದಕ್ಕೆ ಬ್ಯಾಂಕಿನ ದಂಡ ಬೇರೆ ಬಿತ್ತು.

ಆಗ ನನಗೆ ನಿಜವಾಗಿ ಭಯ ಹತ್ತಿತು. ದೀಪಾವಳಿ ಹತ್ತಿರ ಬರುತ್ತಿತ್ತು. ಗುತ್ತಿಗೆಯ ದುಡ್ಡು ಆ ಖಾತೆಗೇ ಬೀಳಬೇಕು. ಪಿಂಚಣಿ ನುಂಗಿದವರು ಅದನ್ನು ಬಿಡುತ್ತಾರಾ? ವರ್ಷವೆಲ್ಲ ನಾವಿಬ್ಬರು ಏನು ತಿನ್ನುವುದು?

ಮ್ಯಾನೇಜರ ಹತ್ತಿರ ಹೋದೆ. ಅವನು ಕನ್ನಡಕ ಮೇಲೆತ್ತಿ, "ಅಜ್ಜಿ, ಒಪ್ಪಿಗೆ ಕೊಟ್ಟಿರೋದು ನೀವು, ತಗೊಂಡಿರೋದು ಅವರು. ಅವರೇ ನಿಲ್ಲಿಸ್ಬೇಕು. ನಮ್ಮ ಕೈಯಲ್ಲಿ ಏನೂ ಇಲ್ಲ" ಅಂದ.

"ದುಡ್ಡು ನಿಮ್ಮನೇಲೈತೆ, ಬೀಗ ನಿಮ್ಮದು. ಅವ್ರು ಬಂದು ತಗೊಂಡು ಹೋಗ್ಬೇಕಾದ್ರೆ ಬಾಗಿಲು ತೆಗೆಯೋರು ಯಾರು ಸ್ವಾಮಿ?"

"ಕಂಪನಿಗೆ ಫೋನ್ ಮಾಡಿ ಅಜ್ಜಿ. ಮುಂದಿನೋರು ಬನ್ನಿ."

ಫೋನು ಮಾಡಿದೆವು. ಒಂದು ಹಾಡು, ಆಮೇಲೆ ಹಿಂದಿಯ ಹೆಂಗಸು, ಆಮೇಲೆ ಮತ್ತೆ ಅದೇ ಹಾಡು. ಕೊನೆಗೆ ಅವರೇ ಮಾಡಿದರು, ಒಬ್ಬ ತೆಲುಗಿನವನು. "ಏಮಮ್ಮಾ, ಬಾಗುನ್ನಾರಾ?" ಎಂದು ಅಳಿಯನ ಹಾಗೆ ಕ್ಷೇಮ ಕೇಳಿದ. ಸಾಲ ತೀರಿದೆಯಲ್ಲಪ್ಪ ಅಂದರೆ, ಅದು ತೀರಿದೆ, ಇದು ಸದಸ್ಯರ ಫೀಸು ಅಂದ. ಬೇಡ, ನಿಲ್ಲಿಸು ಅಂದೆ. ಆಗ ಅವನ ಬಾಯಿಂದ ಬಂದದ್ದನ್ನು ನಾನು ಬರೆಯುವುದಿಲ್ಲ. ತೆಲುಗು ನನಗೆ ಚೆನ್ನಾಗಿ ಬರುತ್ತದೆ, ನಾನೂ ತಿರುಗಿಸಿ ಕೊಟ್ಟೆ. ಸೇಟು ಕಟುಕನೇ ಆಗಿದ್ದ, ಆದರೂ ಅವನಿಗೊಂದು ಮುಖ ಇತ್ತು, ಅಂಗಡಿ ಇತ್ತು. ಹೊಟ್ಟೆ ಉರಿದರೆ ಅವನ ಬಾಗಿಲಿಗೆ ಒಂದು ಹಿಡಿ ಮಣ್ಣು ತೂರಿ ಬರಬಹುದಿತ್ತು. ಇವರಿಗೆ ಮಣ್ಣು ತೂರೋಣವೆಂದರೆ ಬಾಗಿಲೇ ಇಲ್ಲ.

ರತ್ನಮ್ಮನೇ ದಾರಿ ಹೇಳಿದ್ದು. "ಮಧುಗಿರಿ ಕೋರ್ಟಲ್ಲಿ ಬಡವ್ರಿಗೆ ಫೀಸಿಲ್ದೆ ಹೇಳೋ ವಕೀಲಮ್ಮ ಅವ್ರೆ ಕಣಕ್ಕ. ನನ್ ಕೇಸು ಅವ್ರದೇ. ಬಾಯಿ ಸ್ವಲ್ಪ ಜೋರು, ನಿಂಗೆ ಸರಿ ಹೋಗ್ತದೆ."

ಅಕ್ಕತಂಗಿ ಇಬ್ಬರೂ ಹೋದೆವು. ವಕೀಲಮ್ಮ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದಳು. ತಿನ್ನುತ್ತಲೇ ಎಲ್ಲ ಕೇಳಿದಳು.

"ಕಾರ್ಡು ಕೊಚ್ಚಿದ್ರೆ ಏನೂ ಆಗಲ್ಲ ಅಜ್ಜಿ. ಅವರ ಹತ್ರ ಇರೋದು ಕಾರ್ಡಲ್ಲ, ನಿಮ್ಮ ಮಾತು. ಕೊಟ್ಟ ಮಾತು ವಾಪಸ್ ತಗೋಬಹುದು. ಕಂಪನಿ ಹತ್ರ ಹೋಗಿ ಅಂದ್ರೆ ಹೋಗ್ಬೇಡಿ. ಖಾತೆ ಇರೋದು ಬ್ಯಾಂಕಲ್ಲಿ, ಬ್ಯಾಂಕಿಗೇ ಬರೆದು ಕೊಡಿ, ಒಪ್ಪಿಗೆ ರದ್ದು ಮಾಡಿದ್ದೀನಿ, ಇನ್ನು ಕೊಡಬೇಡಿ ಅಂತ. ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ. ಆಮೇಲೂ ಹೋದ್ರೆ ಬ್ಯಾಂಕೇ ಉತ್ತರ ಹೇಳ್ಬೇಕು."

ಪೆನ್ನು ತೆಗೆದುಕೊಂಡಳು. ಆಮೇಲೆ ನಿಲ್ಲಿಸಿ ನನ್ನನ್ನು ನೋಡಿದಳು. "ಒಪ್ಪಿಗೆ ಕೊಟ್ಟಿದ್ದು ಯಾರು? ಖಾತೆ ನಿಮ್ಮದು. ನೀವು ಕೊಟ್ಟೇ ಇಲ್ಲ ಅಂದ್ರೆ ಇಷ್ಟು ದಿನ ಹೋಗಿರೋದನ್ನೂ ಕೇಳೋಕೆ ದಾರಿ ಇದೆ. ಆದ್ರೆ ಪೊಲೀಸ್ ದೂರು ಆಗ್ಬೇಕು. ನಿಮ್ಮ ಕಾರ್ಡು ಬಳಸಿದ್ದು ಯಾರು ಅಂತ ಅವರು ಮೊದಲು ಕೇಳ್ತಾರೆ."

ನರಸಕ್ಕ ನನ್ನ ಕಡೆ ನೋಡಲಿಲ್ಲ. ಸೆರಗು ಬಾಯಿಯ ಮೇಲೇ ಇತ್ತು.

"ನಾನೇ ಕೊಟ್ಟೆ, ಈಗ ವಾಪಸ್ ತಗೊಂಡೆ ಅಂತ ಬರೀರಿ," ಅಂದೆ.

"ನಿಜಾನಾ ಅಜ್ಜಿ?"

"ಬರೀರಿ ಅಂದ್ನಲ್ಲ."

ಹೋದ ಪಿಂಚಣಿಯೆಲ್ಲ ಆ ಒಂದು ಸಾಲಿನಲ್ಲಿ ಹೋಯಿತು. ಬಸ್ಸಿನಲ್ಲಿ ನರಸಕ್ಕ ಅಳತೊಡಗಿದಳು. "ಅಳ್ಬ್ಯಾಡ, ಹಲ್ಲು ಬಿದ್ದೋಗ್ತವೆ" ಅಂದೆ.

ಬ್ಯಾಂಕಿನಲ್ಲಿ ಮ್ಯಾನೇಜರು ಕಾಗದ ಓದಿ, ಇಟ್ಟು ಹೋಗಿ ನೋಡೋಣ ಅಂದ. ಸೀಲು ಬೇಕು ಅಂದೆ. ನಾಳೆ ಬನ್ನಿ ಅಂದ. ನಾನು ಅವನ ಕೋಣೆಯ ಬಾಗಿಲಲ್ಲೇ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚಿದೆ. ಬಂದವರೆಲ್ಲ ನನ್ನ ಕಾಲು ದಾಟಿ ಒಳಗೆ ಹೋಗಬೇಕಾಯಿತು. ಊಟಕ್ಕೆ ಏಳುವ ಮುಂಚೆ ಅವನೂ ದಾಟಬೇಕಲ್ಲ, ಸೀಲು ಒತ್ತಿದ. ಕಂಪ್ಯೂಟರಿನಲ್ಲಿ ಏನೋ ಬಡಿದು, "ಇನ್ನು ಹೋಗಲ್ಲ ಬಿಡಿ. ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಅಜ್ಜಿ" ಅಂದ.

"ಹೇಳಿದ್ದೆ. ಬಾಯಲ್ಲಿ ಹೇಳಿದ್ದೆ. ನಿಮ್ಗೆ ಕೇಳಿಸ್ಲಿಲ್ಲ."

ಗೆದ್ದೆ ಎಂದುಕೊಂಡು ಊರಿಗೆ ಬಂದೆ. ಆಮೇಲಿನ ವಾರ ಅವರು ಮತ್ತೆ ಕೈ ಹಾಕಿದ್ದಾರೆ, ಬ್ಯಾಂಕಿನವರು ಕೊಟ್ಟಿಲ್ಲ. ಅವರಿಗೆ ರೋಷ ಬಂತು. ಸಾಲ ಕೊಡುವಾಗಲೇ ನರಸಕ್ಕನ ಫೋನಿನಲ್ಲಿದ್ದ ನಂಬರುಗಳನ್ನೂ ಫೋಟೊಗಳನ್ನೂ ನೋಡಲು ಬಿಡಬೇಕೆಂದು ಕೇಳಿದ್ದರಂತೆ, ಇವಳು ಅದಕ್ಕೂ ಹಸಿರು ಗುಂಡಿ ಒತ್ತಿದ್ದಳು. ಆ ನಗುವ ಫೋಟೊ ಇತ್ತಲ್ಲ, ಕೈಯಲ್ಲಿ ಕಡಲೆಕಾಯಿ, ಬಾಯಿ ತುಂಬ ಹಲ್ಲು, ಅದರ ಕೆಳಗೆ ಸಾಲ ತಿಂದ ಕಳ್ಳಿ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು, ಅವಳ ಫೋನಿನಲ್ಲಿದ್ದವರಿಗೆಲ್ಲ ಕಳಿಸಿದರು. ಮೊದಲು ರತ್ನಮ್ಮನಿಗೆ ಬಂತು. ಓಡಿ ಬಂದು ತೋರಿಸಿದಳು. ಅಷ್ಟರಲ್ಲಿ ಅಂಗಡಿಯವನಿಗೆ, ಡೇರಿಯವನಿಗೆ, ಕಡಲೆಕಾಯಿ ಕೊಳ್ಳಲು ಶಿರಾದಿಂದ ಬರುವ ಸಾಬಿಗೆ, ಕೊರಟಗೆರೆಯ ಬೀಗಿತ್ತಿಗೆ ಎಲ್ಲರಿಗೂ ಹೋಗಿತ್ತು.

ಸಂಜೆ ಹಾಲು ತರಲು ಡೇರಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ, "ಏನ್ ಓಬಕ್ಕ, ನಿನ್ ತಂಗಿ ಪೇಸ್ಟಿನ ಅಡ್ವಟೇಜ್ಮೆಂಟಿಗೆ ಸೇರ್ಕೊಂಡವ್ಳಂತೆ?" ಅಂದ. ಎಲ್ಲರೂ ನಕ್ಕರು.

"ಸೇರ್ಕೊಂಡವ್ಳೆ ಕಣ್ಲಾ. ನಿನ್ ಹೆಂಡ್ತೀದೂ ಕಳ್ಸು, ಅವ್ಳ ಓಲೆ ಯಾವ ಸೇಟು ಹತ್ರ ಐತೆ ಅಂತ ಕೆಳಗೆ ನಾನೇ ಬರ್ಸಿಕೊಡ್ತೀನಿ," ಅಂದೆ. ನಗು ನಿಂತಿತು. ನಿಂತರೆ ಏನು? ಫೋಟೊ ಎಲ್ಲರ ಜೇಬಿನಲ್ಲೇ ಇತ್ತು.

ಶಿರಾದ ಸಾಬಿ ಮಾತ್ರ ಕಾಯಿ ತೂಗಲು ಬಂದಾಗ ನಮ್ಮ ಬಾಗಿಲಲ್ಲಿ ನಿಂತು, "ಬೆಹೆನ್, ನಾನು ಅಳಿಸಿಬಿಟ್ಟಿದ್ದೀನಿ. ನನ್ನ ಭಾವಂಗೂ ಇವರು ಹಿಂಗೇ ಮಾಡಿದ್ರು" ಅಂದ. ನರಸಕ್ಕ ಹೊರಗೆ ಬರಲಿಲ್ಲ.

ಕೊರಟಗೆರೆಯಿಂದ ಬೀಗಿತ್ತಿ ಫೋನು ಮಾಡಿದಳು. "ದೀಪಾವಳಿಗೆ ಈ ಕಡೆ ಬರೋದು ಬ್ಯಾಡ. ಗೀತಾನೂ ಬರಲ್ಲ. ನಮ್ಮನೆಗೊಂದು ಮಾನ ಐತೆ." ಗೀತಾ ಹಿಂದೆ ಏನೋ ಅನ್ನುತ್ತಿದ್ದದ್ದು ಕೇಳಿಸಿತು, ಅಷ್ಟರಲ್ಲಿ ಫೋನು ಇಟ್ಟರು.

ನರಸಕ್ಕ ಹಲ್ಲಿನ ಸೆಟ್ಟು ತೆಗೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಮುಖ ಮತ್ತೆ ಒಳಗೆ ಸೇರಿಕೊಂಡಿತು.

"ನೀನು ನಿಲ್ಲಿಸ್ದೆ ಇದ್ದಿದ್ರೆ ಅವ್ರು ತಗೊಂಡು ಸುಮ್ನಿರ್ತಿದ್ರು," ಅಂದಳು. "ನೀನ್ ಯಾಕಕ್ಕ ನಿಲ್ಲಿಸ್ದೆ?"

"ನಿಲ್ಲಿಸ್ದೆ ಇದ್ರೆ ಹೊಟ್ಟೆಗೇನ್ ತಿಂತಿದ್ದೆ? ಆ ಹಲ್ಲನ್ನಾ?"

"ಹೊಟ್ಟೆಗಿಲ್ದೆ ಇದ್ರೆ ನಾವಿಬ್ರೇ ಸಾಯ್ತಿದ್ವಿ. ಈಗ ಗೀತಾ ಮುಖ ಎತ್ತಿ ನಡೆಯಂಗಿಲ್ಲ."

ಪೊಲೀಸ್ ಠಾಣೆಗೆ ಹೋಗಿ, ಕಾರ್ಡಿನ ಮಾತು ಎತ್ತದೆ, ಆ ತೆಲುಗಿನವನ ನಂಬರು ಮಾತ್ರ ಬರೆಸಿ ಬಂದೆ. ಆ ನಂಬರು ಆಗಲೇ ಸತ್ತುಹೋಗಿತ್ತು. ಸತ್ತ ನಂಬರಿನ ಹಿಂದೆ ಇದ್ದವನು ಎಲ್ಲೋ ಕೂತು ಮತ್ತೊಬ್ಬಳಿಗೆ ಬಾಗುನ್ನಾರಾ ಅನ್ನುತ್ತಿದ್ದಾನು.

ಗುತ್ತಿಗೆಯ ದುಡ್ಡು ಹಬ್ಬದ ವಾರದಲ್ಲಿ ಬಿತ್ತು. ಬೀದಿಯವರ ಖಾತೆಗೆಲ್ಲ ಬಿದ್ದಿದೆ ಎಂದು ರತ್ನಮ್ಮ ಹೇಳಿದ ಕೂಡಲೇ ಮೊದಲ ಬಸ್ಸಿಗೆ ಹೋಗಿ ಬ್ಯಾಂಕಿನ ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ಕೌಂಟರಿನ ಹುಡುಗಿ ನೋಡಿ, "ಪೂರ್ತಿ ಇದೆ ಅಜ್ಜಿ. ಕೈ ಹಾಕಿದ್ದಾರೆ, ಆದ್ರೆ ಹೋಗಿಲ್ಲ" ಅಂದಳು. ಇನ್ನೊಂದು ಸಲ ನೋಡಿಸಿದೆ. ಬೇಕಾದಷ್ಟು ತೆಗೆದು, ಒಂದು ಮೂಟೆ ರಾಗಿ ತೆಗೆದುಕೊಂಡೆ, ಎಣ್ಣೆ, ಮಾತ್ರೆ, ಗೀತಾಳಿಗೆ ಸೀರೆ ಕೂಡ. ಬಸ್ ನಿಲ್ದಾಣದಲ್ಲಿ ಒಂದು ಚೀಲ ಕಡಲೆಕಾಯಿಯನ್ನೂ ಕೊಂಡೆ. ಹುಟ್ಟಿದಾಗಿನಿಂದ ಕಡಲೆಕಾಯಿಯನ್ನು ದುಡ್ಡು ಕೊಟ್ಟು ಕೊಂಡದ್ದು ಅದೇ ಮೊದಲು.

ಸಂಜೆ ಎಲ್ಲವನ್ನೂ ನರಸಕ್ಕನ ಮುಂದೆ ಇಟ್ಟೆ. ಅವಳು ರಾಗಿ ಮೂಟೆಯನ್ನು ಯಾರದೋ ಮನೆಯದೆಂಬಂತೆ ನೋಡಿದಳು. ಸೀರೆಯನ್ನು ಮಡಿಸಿದ ಹಾಗೇ ಪಕ್ಕಕ್ಕೆ ಸರಿಸಿದಳು. ನಾನು ಡಬ್ಬ ತೆಗೆದು, ಸೆಟ್ಟನ್ನು ಉಪ್ಪುನೀರಲ್ಲಿ ತೊಳೆದು, ಕಡಲೆಕಾಯಿಯ ಪಕ್ಕ ಇಟ್ಟೆ.

"ಹಾಕ್ಕೊಳ್ಳೇ ನರಸೀ."

"ಬ್ಯಾಡ."

"ಅಷ್ಟು ದುಡ್ಡು ಸುರಿದು ಕಟ್ಟಿಸ್ಕೊಂಡು ಬಂದಿದ್ದೀಯ, ಡಬ್ಬದಲ್ಲಿಟ್ಟು ಪೂಜೆ ಮಾಡ್ತೀಯಾ?"

"ಆ ಬಾಯ್ನ ಊರೆಲ್ಲ ನೋಡೈತೆ ಕಣಕ್ಕ. ಇನ್ನು ಅದು ನಂದಲ್ಲ."

ನಾನು ಬೈದೆ. ದಡ್ಡಿ ಅಂದೆ, ಹೇಡಿ ಅಂದೆ, ಇನ್ನೂ ಏನೇನೋ ಅಂದೆ. ದಿನಕ್ಕೊಂದು ಜಗಳ ಆಡುವವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಮಾರನೆಯ ಬೆಳಿಗ್ಗೆ ಎದ್ದವಳೇ ಹಿತ್ತಲಲ್ಲಿದ್ದ ಒರಳನ್ನು ತಿಕ್ಕಿ ತೊಳೆದೆ. ಅವಳಿಗೆ ಹಲ್ಲು ಬಂದ ಮೇಲೆ ಅದನ್ನು ಮುಟ್ಟಿರಲಿಲ್ಲ, ಒಳಗೆ ಮಳೆನೀರು ನಿಂತು ಪಾಚಿ ಕಟ್ಟಿತ್ತು. ಕಾಯಿ ಸುಲಿದು, ಬೀಜ ಹುರಿದು, ಸಿಪ್ಪೆ ಉಜ್ಜಿ ಊದಿ, ಒಂದು ಅಚ್ಚು ಬೆಲ್ಲ ಹಾಕಿ, ಒಸಡಿಗೆ ಚುಚ್ಚದಷ್ಟು ನುಣ್ಣಗೆ ಕುಟ್ಟಿದೆ.